ಕೊಳ್ಳುವವರಿಲ್ಲದ ತೈಲ: ಇರಾನ್ 1951–53, ಮಂಗಳೂರಿನಿಂದ ನೋಡಿದ ಒಂದು ಪ್ರಕರಣ

1952ರ ಜೂನ್ ತಿಂಗಳಿನಲ್ಲಿ ರೋಸ್ ಮೇರಿ ಎಂಬ ಸಣ್ಣ ಟ್ಯಾಂಕರ್ ಹಡಗೊಂದು ಇರಾನಿನ ದಕ್ಷಿಣ ಕರಾವಳಿಯಲ್ಲಿ ಕಚ್ಚಾತೈಲ ತುಂಬಿಸಿಕೊಂಡು ಇಟಲಿಯತ್ತ ಹೊರಟಿತು. ಹಡಗಿನ ಒಡೆತನ ಪನಾಮಾದ ಕಂಪನಿಯೊಂದರದು, ಕೊಂಡವರು ಇಟಲಿಯ ವ್ಯಾಪಾರಿಗಳು, ಮಾರಿದ್ದು ಇರಾನ್ ಸರಕಾರ. ಬ್ರಿಟನ್ನಿಗೆ ಈ ವ್ಯವಹಾರದಲ್ಲಿ ಮೇಲ್ನೋಟಕ್ಕೆ ಯಾವ ಪಾತ್ರವೂ ಇರಲಿಲ್ಲ. ಆದರೂ ಬ್ರಿಟಿಷ್ ವಾಯುಪಡೆಯ ವಿಮಾನಗಳು ಅದರ ಬೆನ್ನು ಹತ್ತಿದವು. ಒತ್ತಡಕ್ಕೆ ಸಿಲುಕಿದ ಹಡಗು ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಏಡನ್ ಬಂದರಿಗೆ ಹೋಗಿ ನಿಲ್ಲಬೇಕಾಯಿತು. 1953ರ ಜನವರಿಯಲ್ಲಿ ಏಡನ್ನಿನ ನ್ಯಾಯಾಲಯವು ಆ ತೈಲ ಇರಾನಿನ ಸ್ವತ್ತೇ ಅಲ್ಲವೆಂದೂ ಅದು ಬ್ರಿಟಿಷ್ ಒಡೆತನದ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಗೆ ಸೇರಿದ್ದೆಂದೂ ತೀರ್ಪು ಕೊಟ್ಟಿತು. ತನ್ನ ನೆಲದಿಂದ ತೆಗೆದ ಎಣ್ಣೆಯನ್ನು ತಾನು ಮಾರಲು ಹೋದ ದೇಶಕ್ಕೆ, ಅದು ಕದ್ದ ಮಾಲು ಎಂಬ ಅರ್ಥದ ಉತ್ತರ ಸಿಕ್ಕಿತು.

ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರನ್ನು 1953ರ ಆಗಸ್ಟ್ 19ರಂದು ಅಧಿಕಾರದಿಂದ ಇಳಿಸಿದ ಘಟನೆಯನ್ನು ಸಾಮಾನ್ಯವಾಗಿ ಆ ತಿಂಗಳ ನಾಲ್ಕೈದು ದಿನಗಳ ಕಥೆಯಾಗಿಯೇ ಹೇಳುವುದು ವಾಡಿಕೆ. ಅಮೆರಿಕದ ಸಿಐಎ, ಬ್ರಿಟನ್ನಿನ ಎಂಐ6, ಹಂಚಿದ ಹಣ, ಬಾಡಿಗೆಗೆ ಬಂದ ಗುಂಪುಗಳು, ಕೊನೆಗೆ ಪ್ರಧಾನಿಯ ಮನೆಯ ಮುಂದೆ ಬಂದು ನಿಂತ ಟ್ಯಾಂಕುಗಳು. ಇವೆಲ್ಲವೂ ನಡೆದದ್ದೇ, ಅಮೆರಿಕದ ಸರಕಾರಿ ದಾಖಲೆಗಳೇ ಇಂದು ಅದನ್ನು ಒಪ್ಪುತ್ತವೆ. ಆದರೆ ಈ ಪ್ರಕರಣವನ್ನು ಎಷ್ಟು ಸಲ ಓದಿದರೂ ನನಗೆ ಕಾಣುವುದು ಇಷ್ಟು: ಆಗಸ್ಟ್ ತಿಂಗಳ ಆ ದಿನಗಳು ಹಸ್ತಕ್ಷೇಪದ ಕೊನೆಯ ಹಂತ ಮಾತ್ರ. ಅದಕ್ಕೆ ಮೊದಲಿನ ಎರಡು ವರ್ಷಗಳಲ್ಲಿ ಹಡಗು, ವಿಮೆ, ಬ್ಯಾಂಕು, ನ್ಯಾಯಾಲಯ ಎಂಬ ತೀರ ಸಾಧಾರಣ ಸಂಸ್ಥೆಗಳ ಮೂಲಕ ನಡೆದ ಕೆಲಸವೇ ದೊಡ್ಡದು, ಮತ್ತು ಅದು ಬಹುಮಟ್ಟಿಗೆ ಬಹಿರಂಗವಾಗಿಯೇ ನಡೆದದ್ದರಿಂದ ಯಾರೂ ಅದನ್ನು ಹಸ್ತಕ್ಷೇಪವೆಂದು ಗುರುತಿಸುವ ಗೋಜಿಗೆ ಹೋಗಲಿಲ್ಲ.

ಮಂಗಳೂರಿನಲ್ಲಿ ಕುಳಿತು ಇರಾನಿನ ಎಪ್ಪತ್ತು ವರ್ಷದ ಹಿಂದಿನ ರಾಜಕೀಯವನ್ನು ಏಕೆ ಕೆದಕಬೇಕು ಎಂದು ಕೇಳುವವರಿರಬಹುದು. ಪಣಂಬೂರಿನ ಬಂದರಿಗೆ ಬರುವ ಕಚ್ಚಾತೈಲದಲ್ಲಿ ಇರಾನಿನ ಪಾಲು ಬಹಳ ಕಾಲ ದೊಡ್ಡದಾಗಿತ್ತು. ಸುರತ್ಕಲ್ಲಿನಿಂದ ಒಳಗೆ ಕುತ್ತೆತ್ತೂರಿನ ಕಡೆ ಗದ್ದೆ ತೋಟಗಳಿದ್ದ ಜಾಗದಲ್ಲಿ ಎದ್ದ ಸಂಸ್ಕರಣಾಗಾರ, ಊರಿನವರ ಬಾಯಲ್ಲಿ ಬರೇ ಎಂಆರ್‌ಪಿಎಲ್, ಭಾರತದಲ್ಲಿ ಇರಾನಿ ತೈಲದ ದೊಡ್ಡ ಗ್ರಾಹಕರಲ್ಲಿ ಒಂದಾಗಿತ್ತು. 2019ರಲ್ಲಿ ಆ ಖರೀದಿ ನಿಂತಿತು. ಈ ಬದಲಾವಣೆ ಹೇಗಾಯಿತೆಂದು ತಿಳಿಯಲು ಹೊರಟರೆ ಅದೇ ನಾಲ್ಕು ಸಂಸ್ಥೆಗಳು ಎದುರಾಗುತ್ತವೆ. ಹಾಗಾಗಿ ಮೂಲ ಪ್ರಕರಣವನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಗುತ್ತಿಗೆಯಿಂದ ರಾಷ್ಟ್ರೀಕರಣದವರೆಗೆ

1901ರಲ್ಲಿ ಪರ್ಷಿಯಾದ (ಅಂದರೆ ಇರಾನಿನ) ದೊರೆ ವಿಲಿಯಂ ನಾಕ್ಸ್ ಡಾರ್ಸಿ ಎಂಬ ಉದ್ಯಮಿಗೆ ದೇಶದ ಬಹುಭಾಗದ ತೈಲ ಶೋಧನೆಯ ಹಕ್ಕನ್ನು 60 ವರ್ಷಗಳಿಗೆ ಬರೆದುಕೊಟ್ಟ. 1908ರಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತು, ಮರುವರ್ಷ, ಮುಂದೆ ಆಂಗ್ಲೋ-ಇರಾನಿಯನ್ ಎನಿಸಿದ ಕಂಪನಿ ಸ್ಥಾಪನೆಯಾಯಿತು. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲನ್ನು ಬಿಟ್ಟು ಎಣ್ಣೆಗೆ ಬದಲಾಗುತ್ತಿದ್ದ ಕಾಲವದು. 1914ರಲ್ಲಿ ಬ್ರಿಟಿಷ್ ಸರಕಾರವೇ ಕಂಪನಿಯ ಶೇಕಡಾ 51ರಷ್ಟು ಪಾಲನ್ನು ಕೊಂಡಿತು. ಅಂದಿನಿಂದ ಇರಾನಿನ ಎದುರು ಕುಳಿತದ್ದು ವ್ಯಾಪಾರಿಯೋ ಸರಕಾರವೋ ಎಂದು ಹೇಳಲಾಗದ ಒಂದು ಸಂಸ್ಥೆ. ಇರಾನಿಗೆ ಸಲ್ಲುತ್ತಿದ್ದ ರಾಯಧನಕ್ಕಿಂತ ಬ್ರಿಟಿಷ್ ಖಜಾನೆಗೆ ಸಲ್ಲುತ್ತಿದ್ದ ತೆರಿಗೆಯೇ ಹೆಚ್ಚಾಗಿತ್ತು, ಮತ್ತು ಕಂಪನಿಯ ಲೆಕ್ಕಪತ್ರಗಳನ್ನು ಪರಿಶೀಲಿಸುವ ಅವಕಾಶ ಇರಾನಿಗೆ ಇರಲಿಲ್ಲ. ಅಬಾದಾನಿನ ಸಂಸ್ಕರಣಾಗಾರ 1950ರ ಹೊತ್ತಿಗೆ ಜಗತ್ತಿನಲ್ಲಿಯೇ ಅತಿ ದೊಡ್ಡದಾಗಿತ್ತು. ಅಲ್ಲಿ ಅಧಿಕಾರಿಗಳ ಹುಲ್ಲುಹಾಸಿನ ಬಂಗಲೆಗಳಿಗೂ ಕೂಲಿಗಳ ಗುಡಿಸಲುಗಳಿಗೂ ಇದ್ದ ಅಂತರವನ್ನು ಹೋದವರೆಲ್ಲ ಬರೆದಿಟ್ಟಿದ್ದಾರೆ. ಈ ಏಣಿಯ ನಡುವಿನ ಮೆಟ್ಟಿಲಲ್ಲಿ ಬ್ರಿಟಿಷ್ ಭಾರತದಿಂದ ಹೋದ ಗುಮಾಸ್ತರೂ ಕುಶಲಕರ್ಮಿಗಳೂ ಇದ್ದರು. 1920ರಲ್ಲಿ ಸಂಬಳಕ್ಕಾಗಿ ಅಲ್ಲಿ ಮುಷ್ಕರ ಹೂಡಿದವರಲ್ಲಿ ಮೊದಲಿಗರು ಅವರೇ. ಕೊಲ್ಲಿ ದೇಶಗಳಿಗೆ ಭಾರತೀಯರ ವಲಸೆ ಎಂದರೆ 1970ರ ದಶಕದ ವಿಮಾನದ ಟಿಕೆಟ್ಟು ಮತ್ತು ಎನ್‌ಒಸಿ ಎಂದು ಭಾವಿಸುವ ನಮ್ಮ ಕರಾವಳಿಯವರಿಗೆ ಇದು ನೆನಪಿರಬೇಕಾದ ಸಂಗತಿ.

1941ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಎರಡು ದಿಕ್ಕಿನಿಂದ ಇರಾನಿನ ಮೇಲೆ ನುಗ್ಗಿ, ದೊರೆ ರೆಜಾ ಶಾನನ್ನು ಪದತ್ಯಾಗ ಮಾಡಿಸಿ, ಇಪ್ಪತ್ತೊಂದು ವರ್ಷದ ಮಗ ಮೊಹಮ್ಮದ್ ರೆಜಾನನ್ನು ಗಾದಿಗೇರಲು ಬಿಟ್ಟವು. ದಕ್ಷಿಣದಿಂದ ನುಗ್ಗಿದ ಬ್ರಿಟಿಷ್ ಸೇನೆಯ ಬಹುಭಾಗ ಭಾರತೀಯ ಸೈನಿಕರಿಂದಲೇ ಕೂಡಿತ್ತು. ಹತ್ತು ವರ್ಷಗಳ ನಂತರ ತೈಲದ ಬಿಕ್ಕಟ್ಟು ಎದ್ದಾಗ ಲಂಡನ್ನಿನಲ್ಲಿ ಅಬಾದಾನನ್ನು ಸೇನೆಯ ಬಲದಿಂದ ವಶಪಡಿಸಿಕೊಳ್ಳುವ ಯೋಜನೆ ಸಿದ್ಧವಾಗಿತ್ತು. ಆದರೆ ಬೇಕೆಂದಾಗ ಕರೆಸಿಕೊಳ್ಳಲು ಭಾರತದ ಸೇನೆ ಆಗ ಬ್ರಿಟನ್ನಿನ ಕೈಯಲ್ಲಿ ಇರಲಿಲ್ಲ, ಅಮೆರಿಕವೂ ಬಲಪ್ರಯೋಗಕ್ಕೆ ಒಪ್ಪಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪ್ರಧಾನಿ ಅಟ್ಲೀ ಅವರ ಸಂಪುಟ ಆ ಯೋಜನೆಯನ್ನು ಕೈಬಿಟ್ಟಿತು. ಬಂದೂಕು ಸಿಗದ ಬ್ರಿಟನ್ ಕಡತಗಳತ್ತ ತಿರುಗಿತು. ಇದಕ್ಕೆ ಭಾರತದ ಸ್ವಾತಂತ್ರ್ಯವೂ ಒಂದು ಕಾರಣವೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಿಮೆ.

ಬಿಕ್ಕಟ್ಟಿನ ಕಿಡಿ ಹೊತ್ತಿದ್ದು ನೆರೆಮನೆಯಿಂದ. 1950ರ ಕೊನೆಯಲ್ಲಿ ಸೌದಿ ಅರೇಬಿಯಾಕ್ಕೆ ಅಮೆರಿಕದ ಕಂಪನಿಗಳು ಲಾಭದಲ್ಲಿ ಅರ್ಧದಷ್ಟನ್ನು ಕೊಡಲು ಒಪ್ಪಿದವು. ಅಷ್ಟನ್ನಾದರೂ ಸಮಯಕ್ಕೆ ಸರಿಯಾಗಿ ಇರಾನಿಗೆ ಕೊಟ್ಟಿದ್ದರೆ ಮುಂದಿನದು ನಡೆಯುತ್ತಿತ್ತೇ ಎಂಬುದು ಇಂದಿಗೂ ಚರ್ಚೆಯ ವಿಷಯ. ಕಂಪನಿ ಮನಸ್ಸು ಬದಲಿಸುವಷ್ಟರಲ್ಲಿ ಹೊತ್ತು ಮೀರಿತ್ತು. 1951ರ ಮಾರ್ಚ್ 7ರಂದು ಪ್ರಧಾನಿ ರಜ್ಮಾರಾ ಹತ್ಯೆಯಾದರು. ಅದೇ ತಿಂಗಳ 15ರಂದು ಸಂಸತ್ತಿನ ಕೆಳಮನೆ ಮಜ್ಲಿಸ್, 20ರಂದು ಸೆನೆಟ್, ತೈಲದ ರಾಷ್ಟ್ರೀಕರಣಕ್ಕೆ ಒಪ್ಪಿಗೆ ಕೊಟ್ಟವು. ಏಪ್ರಿಲ್ ಕೊನೆಗೆ ಮೊಸಾದೆಗ್ ಪ್ರಧಾನಿಯಾದರು. ಪರಿಹಾರವನ್ನೇ ಕೊಡದೆ ಕಸಿದುಕೊಂಡರೆಂಬ ಪ್ರಚಾರ ಅಂದು ಜೋರಾಗಿತ್ತು. ವಾಸ್ತವದಲ್ಲಿ ಕಂಪನಿಯ ಹಕ್ಕುಬಾಧ್ಯತೆಗಳಿಗಾಗಿ ತೈಲದ ವರಮಾನದ ಶೇಕಡಾ 25ರವರೆಗೆ ತೆಗೆದಿಡಲು ರಾಷ್ಟ್ರೀಕರಣದ ಕಾನೂನಿನಲ್ಲಿಯೇ ಅವಕಾಶವಿತ್ತು. ಜಗಳವಿದ್ದದ್ದು ಪರಿಹಾರದ ಲೆಕ್ಕದ ಬಗ್ಗೆ. ವಶಪಡಿಸಿಕೊಂಡ ಆಸ್ತಿಗೆ ಬೆಲೆಯೋ, 1933ರಲ್ಲಿ ಹೊಸದಾಗಿ ಬರೆದ ಗುತ್ತಿಗೆಯಂತೆ 1993ರವರೆಗೆ ಬರಬಹುದಾಗಿದ್ದ ಲಾಭಕ್ಕೂ ಬೆಲೆಯೋ ಎಂಬ ಪ್ರಶ್ನೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಎರಡು ವರ್ಷದ ಮುತ್ತಿಗೆ

1951ರ ಅಕ್ಟೋಬರ್ ಆರಂಭದಲ್ಲಿ ಕಂಪನಿಯ ಕೊನೆಯ ಬ್ರಿಟಿಷ್ ಸಿಬ್ಬಂದಿ ಮಾರಿಷಸ್ ಎಂಬ ಯುದ್ಧನೌಕೆ ಹತ್ತಿ ಅಬಾದಾನನ್ನು ಬಿಟ್ಟರು. ಎಣ್ಣೆ ಬಾವಿಗಳು ಇರಾನಿನ ಕೈಗೆ ಬಂದಿದ್ದವು, ಸಂಸ್ಕರಣಾಗಾರ ಬಂದಿತ್ತು, ಜೆಟ್ಟಿ ಬಂದಿತ್ತು. ಬಾರದೆ ಉಳಿದದ್ದು ಟ್ಯಾಂಕರುಗಳು. ಆ ಕಾಲದ ಟ್ಯಾಂಕರುಗಳಲ್ಲಿ ಹೆಚ್ಚಿನವು ಕೆಲವೇ ದೊಡ್ಡ ಕಂಪನಿಗಳ ಸ್ವಂತದವು ಅಥವಾ ದೀರ್ಘಾವಧಿಯ ಬಾಡಿಗೆಯಲ್ಲಿದ್ದವು, ಮತ್ತು ಆ ಕಂಪನಿಗಳು ಒಂದು ಮಾತಿಗೆ ಬಂದಿದ್ದವು. ಇರಾನಿನ ಎಣ್ಣೆ ಕೊಂಡವರ ಮೇಲೆ ಸಿಕ್ಕ ಸಿಕ್ಕ ದೇಶದಲ್ಲಿ ದಾವೆ ಹೂಡುವುದಾಗಿ ಆಂಗ್ಲೋ-ಇರಾನಿಯನ್ ಕಂಪನಿ ಸಾರಿತು. ಬ್ರಿಟಿಷ್ ಖಜಾನೆ ಇರಾನಿನ ಸ್ಟರ್ಲಿಂಗ್ ಹಣವನ್ನು ಡಾಲರಿಗೆ ಬದಲಿಸುವ ಸೌಲಭ್ಯವನ್ನು ಹಿಂತೆಗೆದುಕೊಂಡಿತು; ಸಕ್ಕರೆ, ಉಕ್ಕಿನಂಥ ಸರಕುಗಳನ್ನು ಇರಾನಿಗೆ ಕಳುಹಿಸದಂತೆ ತಡೆಹಾಕಿತು.

ಪರಿಣಾಮವನ್ನು ಅಂಕಿಗಳಲ್ಲಿ ಹೇಳುವುದಾದರೆ, 1950ರಲ್ಲಿ ಇರಾನ್ ಸುಮಾರು 24 ಕೋಟಿ ಬ್ಯಾರೆಲ್ ತೈಲ ತೆಗೆದಿತ್ತು. 1952ರಲ್ಲಿ ಅದು ಸುಮಾರು 1 ಕೋಟಿಗೆ ಕುಸಿಯಿತು. ಇಷ್ಟು ಎಣ್ಣೆ ಮಾರುಕಟ್ಟೆಯಿಂದ ಮಾಯವಾದರೂ ಜಗತ್ತಿಗೆ ಹೇಳಿಕೊಳ್ಳುವಂಥ ಕೊರತೆ ಉಂಟಾಗಲಿಲ್ಲ, ಏಕೆಂದರೆ ಕುವೈತ್, ಸೌದಿ ಅರೇಬಿಯಾ ಮತ್ತು ಇರಾಕಿನ ಬಾವಿಗಳಿಂದ ಹೆಚ್ಚುವರಿ ತೈಲವನ್ನು ಎತ್ತಲಾಯಿತು. ಕುವೈತಿನ ತೈಲ ಕಂಪನಿಯಲ್ಲಿ ಅರ್ಧ ಪಾಲು ಅದೇ ಆಂಗ್ಲೋ-ಇರಾನಿಯನ್ ಕಂಪನಿಯದು. ನಮ್ಮ ಎಣ್ಣೆಯಿಲ್ಲದೆ ಅವರಿಗೆ ಗತಿಯಿಲ್ಲ ಎಂದು ಟೆಹರಾನ್ ನಂಬಿತ್ತು. ಮೊಸಾದೆಗ್ ಅವರ ದೊಡ್ಡ ತಪ್ಪೆಣಿಕೆ ಇದೇ ಎಂದು ನನ್ನ ಅಭಿಪ್ರಾಯ. ವರಮಾನದ ನಷ್ಟವನ್ನು ತುಂಬಿಕೊಳ್ಳಲು ಅವರು ತೈಲವಿಲ್ಲದ ಅರ್ಥವ್ಯವಸ್ಥೆಯ ಮಾತಾಡಿದರು, ಜನರಿಗೆ ಸಾಲಪತ್ರ ಮಾರಿದರು, ನೋಟು ಅಚ್ಚು ಹಾಕಿಸಿದರು. ಇತರ ಸರಕುಗಳ ರಫ್ತು ಸ್ವಲ್ಪ ಸುಧಾರಿಸಿತು ಕೂಡ. ಆದರೆ ಅಬಾದಾನಿನ ಸಾವಿರಾರು ಕಾರ್ಮಿಕರಿಗೆ ಕೆಲಸವಿಲ್ಲದೆ ಸಂಬಳ ಕೊಡಬೇಕಾಗಿತ್ತು. ಸೈನಿಕರಿಗೆ, ಶಿಕ್ಷಕರಿಗೆ ಕೊಡಬೇಕಾಗಿತ್ತು.

ಮುತ್ತಿಗೆಗೆ ಬಿರುಕುಗಳೂ ಇದ್ದವು. 1952ರ ಜುಲೈಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಈ ವ್ಯಾಜ್ಯ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿದ್ದು ಇರಾನಿನ ಗೆಲುವು. 1953ರ ವಸಂತದಲ್ಲಿ ಜಪಾನಿನ ಇದೆಮಿತ್ಸು ಕಂಪನಿಯ ನಿಶ್ಶೋ ಮಾರು ಎಂಬ ಟ್ಯಾಂಕರ್ ಗುಟ್ಟಾಗಿ ಅಬಾದಾನಿಗೆ ಬಂದು, ತುಂಬಿಸಿಕೊಂಡು, ಬ್ರಿಟಿಷರ ಕಣ್ಣು ತಪ್ಪಿಸಿ ಮೇ ತಿಂಗಳಲ್ಲಿ ಕಾವಾಸಾಕಿ ತಲುಪಿತು. ಟೋಕಿಯೋದಲ್ಲಿ ಹೂಡಿದ ದಾವೆಯಲ್ಲಿ ಆಂಗ್ಲೋ-ಇರಾನಿಯನ್ ಕಂಪನಿ ಸೋತಿತು. ಇಟಲಿಯ ನ್ಯಾಯಾಲಯದಲ್ಲಿಯೂ ಅದಕ್ಕೆ ಹಿನ್ನಡೆಯಾಯಿತು. ಒಂದೇ ಎಣ್ಣೆ ಏಡನ್ನಿನಲ್ಲಿ ಕದ್ದ ಮಾಲು, ಟೋಕಿಯೋದಲ್ಲಿ ಸಾಚಾ ಮಾಲು. ಇನ್ನೊಂದೆರಡು ವರ್ಷ ಸಿಕ್ಕಿದ್ದರೆ ಮುತ್ತಿಗೆ ಸಡಿಲಗೊಳ್ಳುತ್ತಿತ್ತೇನೋ. ಇರಾನಿಗೆ ಆ ಸಮಯ ಸಿಗಲಿಲ್ಲ. ನಿಶ್ಶೋ ಮಾರು ಊರು ಮುಟ್ಟಿದ ಮೂರೇ ತಿಂಗಳಿಗೆ ಸರಕಾರ ಬಿದ್ದಿತು.

ಈ ಮುತ್ತಿಗೆಯ ಕಸುಬುದಾರಿಕೆಯನ್ನು ನನಗೆ ಸರಿಯಾಗಿ ಅರ್ಥಮಾಡಿಸಿದವರು ಉಡುಪಿಯ ಸಮೀಪದ ನಿವೃತ್ತ ಹಡಗು ಅಧಿಕಾರಿಯೊಬ್ಬರು. ಕಾಪು, ಮಲ್ಪೆ, ಸುರತ್ಕಲ್ ಕಡೆ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಯುದ್ಧನೌಕೆಗಳೇ ಇಲ್ಲದೆ ಒಂದು ದೇಶದ ರಫ್ತನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಅವರು ನಕ್ಕರು. “ಹಡಗಿಗೆ ಕ್ಲಬ್ಬಿನ ಸರ್ಟಿಫಿಕೇಟ್ ಇಲ್ಲದಿದ್ರೆ ಬಂದರಿನವ ಒಳಗೇ ಬಿಡುದಿಲ್ಲ ಮಾರಾಯ್ರೆ. ಎಂಜಿನ್ ಸರಿ ಉಂಟು, ಜನ ಉಂಟು, ಎಣ್ಣೆ ಉಂಟು, ಆದ್ರೆ ಕಾಗದ ಇಲ್ಲ ಅಂದ್ರೆ ಅದು ಬರೇ ಕಬ್ಬಿಣ” ಎಂದರು. ಅವರು ಕ್ಲಬ್ಬು ಎಂದದ್ದು ಹಡಗಿನ ಮಾಲಕರು ಪರಸ್ಪರ ವಿಮೆಗಾಗಿ ಕಟ್ಟಿಕೊಂಡಿರುವ ಪಿ ಆ್ಯಂಡ್ ಐ ಕ್ಲಬ್ಬುಗಳನ್ನು. ಎಣ್ಣೆ ಸೋರಿದರೆ, ಡಿಕ್ಕಿಯಾದರೆ, ನಾವಿಕ ಸತ್ತರೆ ಬರುವ ಮೂರನೆಯವರ ಪರಿಹಾರದ ಹೊಣೆ ಇವುಗಳದ್ದು. ಜಗತ್ತಿನ ಸಾಗರಯಾನದ ಹಡಗುಗಳ ಒಟ್ಟು ಗಾತ್ರದ ಶೇಕಡಾ 90ರಷ್ಟಕ್ಕೆ ವಿಮೆ ಕೊಡುವುದು ಇಂಥ ಹನ್ನೆರಡು ಕ್ಲಬ್ಬುಗಳ ಒಂದೇ ಕೂಟ, ಅದರ ಕಚೇರಿ ಇರುವುದು ಲಂಡನ್ನಿನಲ್ಲಿ. ಈ ಕಾಗದ ಎಲ್ಲಿ ತಯಾರಾಗುತ್ತದೆಯೋ ಅಲ್ಲಿನ ಸರಕಾರಕ್ಕೆ, ಸಮುದ್ರದಲ್ಲಿ ಒಂದೂ ಹಡಗನ್ನು ಅಡ್ಡಗಟ್ಟದೆ, ಇನ್ನೊಬ್ಬರ ಬಂದರನ್ನು ಖಾಲಿ ಮಾಡಿಸುವ ಶಕ್ತಿ ಬರುತ್ತದೆ.

ಒಳಗಿನ ಜಗಳ

ಹೊರಗಿನ ಒತ್ತಡ ತಾನಾಗಿಯೇ ಸರಕಾರವನ್ನು ಉರುಳಿಸುವುದಿಲ್ಲ. ಅದು ಒಳಗಿನವರ ನಡುವೆ ಮೊದಲೇ ಇದ್ದ ಜಗಳಗಳ ಬೆಲೆಯನ್ನು ಏರಿಸುತ್ತದೆ. 1952ರ ಜುಲೈಯಲ್ಲಿ ಸೇನೆಯ ಮೇಲಿನ ಹಿಡಿತದ ಪ್ರಶ್ನೆಯಲ್ಲಿ ಶಾ (ದೊರೆ ಮೊಹಮ್ಮದ್ ರೆಜಾ) ಜತೆ ಮುನಿದು ಮೊಸಾದೆಗ್ ರಾಜೀನಾಮೆ ಕೊಟ್ಟಾಗ ಟೆಹರಾನಿನ ಜನ ಬೀದಿಗಿಳಿದು, ಗುಂಡಿಗೆ ಎದೆಯೊಡ್ಡಿ, ಐದೇ ದಿನಗಳಲ್ಲಿ ಅವರನ್ನು ಮರಳಿ ಅಧಿಕಾರಕ್ಕೆ ತಂದಿದ್ದರು. ಅಂದು ಜನರನ್ನು ಕರೆದವರಲ್ಲಿ ಧರ್ಮಗುರು ಕಾಶಾನಿ ಮುಂಚೂಣಿಯಲ್ಲಿದ್ದರು. ಒಂದೇ ವರ್ಷದಲ್ಲಿ ಕಾಶಾನಿ ಎದುರು ಪಾಳೆಯಕ್ಕೆ ಹೋದರು. ಮೊಸಾದೆಗ್ ಅವರ ಮೈತ್ರಿಕೂಟವಾದ ನ್ಯಾಷನಲ್ ಫ್ರಂಟಿನ ಸಂಸ್ಥಾಪಕರಲ್ಲಿ ಕೆಲವರು ಅವರನ್ನು ಹಿಂಬಾಲಿಸಿದರು. ನಿವೃತ್ತಿಗೊಳಿಸಲಾದ ಸೇನಾಧಿಕಾರಿಗಳು ಜನರಲ್ ಜಹೇದಿಯ ಸುತ್ತ ಸೇರಿದರು. 1953ರ ಏಪ್ರಿಲಿನಲ್ಲಿ ಪೊಲೀಸ್ ಮುಖ್ಯಸ್ಥನನ್ನು ಅಪಹರಿಸಿ ಕೊಂದರು. ಕಮ್ಯುನಿಸ್ಟರ ತೂದೆ ಪಕ್ಷ ಒಂದು ದಿನ ಬೈದು ಇನ್ನೊಂದು ದಿನ ಬೆಂಬಲಿಸುತ್ತಿತ್ತು. ಮೊಸಾದೆಗ್ ಸ್ವತಃ ತುರ್ತು ಅಧಿಕಾರ ಪಡೆದು, ಕೊನೆಗೆ ಆಗಸ್ಟ್ ಮೊದಲಲ್ಲಿ ಮಜ್ಲಿಸನ್ನೇ ವಿಸರ್ಜಿಸಲು ಜನಮತಗಣನೆ ನಡೆಸಿದರು. ಹೌದು ಎನ್ನುವವರಿಗೆ ಒಂದು ಮತಗಟ್ಟೆ, ಇಲ್ಲ ಎನ್ನುವವರಿಗೆ ಬೇರೆ ಮತಗಟ್ಟೆ. ಶೇಕಡಾ 99ಕ್ಕಿಂತ ಹೆಚ್ಚು ಮತ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊಸಾದೆಗ್ ಅವರ ಅಭಿಮಾನಿಗಳು ಈ ಪುಟವನ್ನು ಬೇಗ ಮಗುಚುತ್ತಾರೆ, ಹಾಗೆ ಮಾಡಬಾರದು.

ನಮ್ಮ ಕರಾವಳಿಯ ಇತಿಹಾಸ ಓದಿದವರಿಗೆ ಈ ಚಿತ್ರ ಅಪರಿಚಿತವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಾರ್ಟಜ್ ಎಂಬ ರಹದಾರಿ ಪತ್ರವಿಲ್ಲದ ಹಡಗುಗಳನ್ನು ಹಿಡಿಯುತ್ತಿದ್ದರು. ಬಸ್ರೂರು, ಮಂಗಳೂರುಗಳ ಅಕ್ಕಿ ಅವರ ಕೈಕೆಳಗಿದ್ದ ಹೊರ್ಮುಜ್‌ಗೆ ಹೋಗುತ್ತಿದ್ದುದೂ ಆ ಪತ್ರದ ಮೇಲೆಯೇ. ನೆಲದ ಮೇಲೆ ಅವರ ಸೇನೆ ಅಂಥ ದೊಡ್ಡದೇನಲ್ಲ. ಆದರೆ ಇಲ್ಲಿನ ಅರಸರ ನಡುವಿನ ಪ್ರತಿಯೊಂದು ಮನಸ್ತಾಪದಲ್ಲಿಯೂ ಅವರಿಗೊಂದು ಪಕ್ಷವಿತ್ತು. ಉಳ್ಳಾಲದ ರಾಣಿಗೂ ಬಂಗ ಅರಸನಿಗೂ ಒಡೆದ ಸಂಬಂಧ ಯುದ್ಧವಾಗಿ ಬೆಳೆದಾಗ ಪೋರ್ಚುಗೀಸರು ಬಂಗನ ಬೆನ್ನಿಗೆ ನಿಂತರು, ಇಕ್ಕೇರಿಯ ವೆಂಕಟಪ್ಪ ನಾಯಕ ರಾಣಿಯ ಬೆನ್ನಿಗೆ ನಿಂತ. ಇದನ್ನು ದಾಖಲಿಸಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಲ್ಲಿಗೆ ಬಂದದ್ದು ಪರ್ಷಿಯಾದಿಂದ. ಅದರ ಹಿಂದಿನ ವರ್ಷವಷ್ಟೇ ಪರ್ಷಿಯಾದ ಶಾ ಅಬ್ಬಾಸ್, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ನೆರವು ಪಡೆದು, ಹೊರ್ಮುಜ್‌ನಿಂದ ಪೋರ್ಚುಗೀಸರನ್ನು ಓಡಿಸಿದ್ದ. ಒಬ್ಬ ಹೊರಗಿನವನನ್ನು ಹೊರಹಾಕಲು ಇನ್ನೊಬ್ಬ ಹೊರಗಿನವನನ್ನು ಕರೆದುಕೊಂಡು ಬಂದದ್ದರ ಫಲ ಏನೆಂಬುದು ಆ ದೇಶದ ಮುಂದಿನ ಮುನ್ನೂರು ವರ್ಷಗಳಲ್ಲಿ ಗೊತ್ತಾಯಿತು. ಮೊಸಾದೆಗ್ ಕೂಡ ಮೊದಲ ಎರಡು ವರ್ಷ ಬ್ರಿಟನ್ನನ್ನು ಎದುರಿಸಲು ಅಮೆರಿಕದ ಮಧ್ಯಸ್ಥಿಕೆಯನ್ನೇ ನೆಚ್ಚಿದ್ದರು.

ಆಗಸ್ಟ್ 1953

1952ರ ಅಕ್ಟೋಬರಿನಲ್ಲಿ ಇರಾನ್ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡು ರಾಯಭಾರ ಕಚೇರಿಯನ್ನು ಮುಚ್ಚಿಸಿತು. ಟೆಹರಾನಿನಲ್ಲಿ ಕಾಲೂರಲು ಜಾಗವಿಲ್ಲದಂತಾದ ಎಂಐ6 ತನ್ನ ಸ್ಥಳೀಯ ಜಾಲವನ್ನು, ಮುಖ್ಯವಾಗಿ ರಶೀದಿಯನ್ ಸಹೋದರರನ್ನು, ಅಮೆರಿಕದ ಉಪಯೋಗಕ್ಕೆ ಒದಗಿಸಿತು. ಟ್ರೂಮನ್ ಆಡಳಿತ ಒಪ್ಪದ ಯೋಜನೆಗೆ 1953ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಐಸೆನ್‌ಹೋವರ್ ಆಡಳಿತ ಒಪ್ಪಿತು. ಲಂಡನ್ನಿನಲ್ಲಿ ಇದು ಎಣ್ಣೆಯ ಪ್ರಶ್ನೆಯಾಗಿದ್ದರೆ ವಾಷಿಂಗ್ಟನ್ನಿನಲ್ಲಿ ಕಮ್ಯುನಿಸಂನ ಪ್ರಶ್ನೆಯಾಗಿ ಮಂಡನೆಯಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೇ ತಿಂಗಳಲ್ಲಿ ಮೊಸಾದೆಗ್ ಐಸೆನ್‌ಹೋವರ್ ಅವರಿಗೆ ಪತ್ರ ಬರೆದು ಆರ್ಥಿಕ ನೆರವು ಕೋರಿದರು. ಜೂನ್ 29ರ ಉತ್ತರದಲ್ಲಿ ನಿರಾಕರಣೆ ಬಂತು. ಎಣ್ಣೆ ಮಾರಿ ಹಣ ಗಳಿಸಬಲ್ಲ ದೇಶಕ್ಕೆ ಅಮೆರಿಕದ ತೆರಿಗೆದಾರರ ಹಣ ಕೊಡುವುದು ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ. ಎಣ್ಣೆ ಮಾರಲು ಬಿಡದೆ, ಎಣ್ಣೆ ಮಾರಿಕೊಳ್ಳಬಹುದಲ್ಲ ಎಂದು ಸಾಲ ನಿರಾಕರಿಸಿದ ಆ ಪತ್ರ ಮುಂದಿನ ತಿಂಗಳು ಪ್ರಕಟವಾದಾಗ, ಸರಕಾರಕ್ಕೆ ದಾರಿ ಮುಗಿಯಿತೆಂಬ ಸಂದೇಶ ಟೆಹರಾನಿನ ಪೇಟೆಗೂ ಸೇನೆಗೂ ಸ್ಪಷ್ಟವಾಗಿ ತಲುಪಿತು.

ಉಳಿದದ್ದನ್ನು ಬೇಗ ಹೇಳಬಹುದು. ಸಿಐಎಯ ಕರ್ಮಿಟ್ ರೂಸ್‌ವೆಲ್ಟ್ ಟೆಹರಾನಿನಲ್ಲಿ ಕಾರ್ಯಾಚರಣೆಯ ಉಸ್ತುವಾರಿ ವಹಿಸಿದ್ದರು. ಪತ್ರಿಕೆಗಳಲ್ಲಿ ಹೊರಗೆ ಬರೆದ ಲೇಖನಗಳು ಅಚ್ಚಾದವು. ಆಗಸ್ಟ್ 15ರ ರಾತ್ರಿ ಕರ್ನಲ್ ನಸೀರಿ ಪ್ರಧಾನಿಯನ್ನು ವಜಾ ಮಾಡುವ ಶಾ ಅವರ ಆಜ್ಞೆಯನ್ನು ತಂದಾಗ, ಸುಳಿವು ಮೊದಲೇ ಸಿಕ್ಕಿದ್ದ ಪ್ರಧಾನಿಯ ಕಾವಲಿನವರು ಅವನನ್ನೇ ಬಂಧಿಸಿದರು. ಶಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಯೋಜನೆ ನೆಲಕಚ್ಚಿತೆಂದು ವಾಷಿಂಗ್ಟನ್ನಿನಲ್ಲಿ ಭಾವಿಸಿದ್ದರು. ಆದರೆ 19ರಂದು ಬೆಳಿಗ್ಗೆ ದಕ್ಷಿಣ ಟೆಹರಾನಿನಿಂದ ಶಾ ಪರವಾದ ಗುಂಪುಗಳು ಹೊರಟವು, ಸೇನೆಯ ತುಕಡಿಗಳು ಅವುಗಳನ್ನು ಕೂಡಿಕೊಂಡವು, ಸಂಜೆಯ ಹೊತ್ತಿಗೆ ಮೊಸಾದೆಗ್ ಅವರ ಮನೆ ಟ್ಯಾಂಕಿನ ಗುಂಡುಗಳಿಗೆ ಉರುಳಿತ್ತು. ಮರುದಿನ ಅವರು ಶರಣಾದರು. ಮೂರು ವರ್ಷ ಸೆರೆ, ಆಮೇಲೆ 1967ರಲ್ಲಿ ಸಾಯುವವರೆಗೂ ಅಹ್ಮದಾಬಾದ್ ಎಂಬ ಹಳ್ಳಿಯ ಮನೆಯಲ್ಲಿ ಬಂಧನ.

ಆ ಬೆಳಗಿನ ಗುಂಪಿನಲ್ಲಿ ಎಷ್ಟು ಜನ ಹಣಕ್ಕೆ ಬಂದವರು, ಎಷ್ಟು ಜನ ಮನಸ್ಸಿನಿಂದ ಬಂದವರು ಎಂಬುದರ ಮೇಲೆ ಇತಿಹಾಸಕಾರರು ಇಂದಿಗೂ ಕಾದಾಡುತ್ತಾರೆ. 16ರ ಸೋಲಿನ ನಂತರ ಸಿಐಎ ಕೈಚೆಲ್ಲಿತ್ತು, ಉಳಿದದ್ದನ್ನು ಧರ್ಮಗುರುಗಳೂ ಸೇನಾಧಿಕಾರಿಗಳೂ ಮಾಡಿದರು ಎನ್ನುವ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ವಾದವನ್ನು ಪೂರ್ಣವಾಗಿ ಒಪ್ಪಿದರೂ ಬೊಕ್ಕಸವನ್ನು ಬರಿದು ಮಾಡಿದವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತೈಲದ ಹಣ ಬರುತ್ತಿದ್ದ ಮೊಸಾದೆಗ್ ಸರಕಾರವನ್ನು ಅದೇ ಗುಂಪು, ಅದೇ ಅಧಿಕಾರಿಗಳು, ಅಷ್ಟೇ ಖರ್ಚಿನಲ್ಲಿ ಕೆಡವಬಹುದಿತ್ತೆಂದು ನಾನು ನಂಬುವುದಿಲ್ಲ. 1952ರ ಜುಲೈಯಲ್ಲಿ ಗುಂಡಿಗೆ ಎದೆಯೊಡ್ಡಿದ ಜನ 1953ರ ಆಗಸ್ಟಿನಲ್ಲಿ ಮನೆಯಿಂದ ಹೊರಬರಲಿಲ್ಲ. ನಡುವಿನ ಹದಿಮೂರು ತಿಂಗಳಲ್ಲಿ ನಡೆದದ್ದು ಬೆಲೆಯೇರಿಕೆ, ನಿರುದ್ಯೋಗ, ನಾಯಕರ ಒಡಕು, ದಣಿವು.

ಲಾಭದ ಹಂಚಿಕೆಯನ್ನು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮೊಸಾದೆಗ್ ಅವರ ಜಾಗಕ್ಕೆ ಬಂದ ಜಹೇದಿಯ ಸರಕಾರಕ್ಕೆ ಅಮೆರಿಕ ಕೆಲವೇ ವಾರಗಳಲ್ಲಿ 4.5 ಕೋಟಿ ಡಾಲರ್ ನೆರವು ಕೊಟ್ಟಿತು. 1954ರಲ್ಲಿ ಇರಾನಿನ ಎಣ್ಣೆಯನ್ನು ಒಂದು ಒಕ್ಕೂಟಕ್ಕೆ ವಹಿಸಲಾಯಿತು: ಶೇಕಡಾ 40 ಆಂಗ್ಲೋ-ಇರಾನಿಯನ್‌ಗೆ, ಅದೇ ವರ್ಷ ಅದು ಬ್ರಿಟಿಷ್ ಪೆಟ್ರೋಲಿಯಂ ಎಂದು ಹೆಸರು ಬದಲಿಸಿಕೊಂಡಿತು, ಶೇಕಡಾ 40 ಅಮೆರಿಕದ ಕಂಪನಿಗಳಿಗೆ, 14 ಶೆಲ್‌ಗೆ, 6 ಫ್ರೆಂಚರಿಗೆ. ತೈಲ ರಾಷ್ಟ್ರದ ಸ್ವತ್ತು ಎಂಬ ಮಾತು ಕಾಗದದ ಮೇಲೆ ಉಳಿಯಿತು, ಲಾಭದಲ್ಲಿ ಇರಾನಿಗೆ ಅರ್ಧ ಪಾಲೂ ಸಿಕ್ಕಿತು. ಪೂರ್ತಿ ತನ್ನದಾಗಿದ್ದ ಎಣ್ಣೆಯನ್ನು ಉಳಿಸಿಕೊಳ್ಳಲು ಹೊರಟ ಬ್ರಿಟನ್ನಿಗೆ ಸಿಕ್ಕಿದ್ದು ಐದರಲ್ಲಿ ಎರಡು ಪಾಲು. ಶಾ ಮಾತ್ರ ಮೊದಲಿನ ಅರಸನಾಗಿ ಉಳಿಯಲಿಲ್ಲ. 1957ರಲ್ಲಿ ಸವಾಕ್ ಎಂಬ ರಹಸ್ಯ ಪೊಲೀಸ್ ದಳ ಹುಟ್ಟಿತು. ಸಂಸತ್ತು, ಪತ್ರಿಕೆ, ಪಕ್ಷಗಳೆಲ್ಲ ಒಣಗಿದವು. ವಿರೋಧಕ್ಕೆ ಉಳಿದ ಜಾಗ ಮಸೀದಿಯೊಂದೇ. 1979ರಲ್ಲಿ ಶಾ ಮತ್ತೆ ದೇಶ ಬಿಟ್ಟ ಮೇಲೆ, ಆ ವರ್ಷದ ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಯನ್ನು ಆಕ್ರಮಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ 1953 ಮುಖ್ಯವಾಗಿತ್ತು: ಮತ್ತೊಮ್ಮೆ ಅದೇ ಕಟ್ಟಡದಿಂದ ಅದೇ ಕೆಲಸ ನಡೆಯಬಾರದು. ಒತ್ತೆಯಾಳುಗಳ 444 ದಿನಗಳ ಬಿಕ್ಕಟ್ಟಿನಿಂದಲೇ ಇಂದಿನ ನಿರ್ಬಂಧಗಳ ಸರಪಳಿ ಆರಂಭವಾಗುತ್ತದೆ.

ಪಣಂಬೂರಿನ ಲೆಕ್ಕ

2010ರ ಡಿಸೆಂಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಇರಾನಿಗೆ ಹಣ ಪಾವತಿಸಲು ಇದ್ದ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಮಾರ್ಗವನ್ನು ನಿಲ್ಲಿಸಿತು. ಆಮೇಲೆ ಕೆಲಕಾಲ ಟರ್ಕಿಯ ಬ್ಯಾಂಕೊಂದರ ಮೂಲಕ, 2012ರಿಂದ ಒಂದು ಭಾಗವನ್ನು ಯೂಕೊ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಪಾವತಿ ನಡೆಯಿತು. ಅದೇ 2012ರ ಜುಲೈಯಲ್ಲಿ ಇರಾನಿ ತೈಲ ಹೊತ್ತ ಹಡಗುಗಳಿಗೆ ವಿಮೆ ಕೊಡುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿತು. 2013ರಲ್ಲಿ ಇರಾನಿ ತೈಲ ಬಳಸುವ ಸಂಸ್ಕರಣಾಗಾರದ ವಿಮೆಯೇ ಪ್ರಶ್ನೆಗೆ ಬಂದು, ಮಂಗಳೂರು ಕೆಲವು ತಿಂಗಳ ಕಾಲ ಅಲ್ಲಿಂದ ಆಮದನ್ನೇ ನಿಲ್ಲಿಸಬೇಕಾಯಿತು. ಪಣಂಬೂರಿನ ಕಡಲಿನಲ್ಲಿ ಆಗ ಯಾವ ಯುದ್ಧನೌಕೆಯೂ ಕಾಣಿಸಿಕೊಂಡಿರಲಿಲ್ಲ. ನಿವೃತ್ತ ಅಧಿಕಾರಿ ಹೇಳಿದ ಕಾಗದವೊಂದು ಇರಲಿಲ್ಲ, ಅಷ್ಟೆ. 2015ರ ಅಣು ಒಪ್ಪಂದದ ನಂತರ ವ್ಯಾಪಾರ ಮರಳಿತು. ಮಂಗಳೂರಿನ ಬಂಡೆಯೊಳಗೆ ಕೊರೆದ 15 ಲಕ್ಷ ಟನ್ ಸಾಮರ್ಥ್ಯದ ತುರ್ತು ಸಂಗ್ರಹಾಗಾರಕ್ಕೆ ಆರಂಭದಲ್ಲಿ ತುಂಬಿದ ತೈಲದಲ್ಲಿ ಇರಾನಿನದೂ ಇತ್ತು.

2018ರ ಮೇ 8ರಂದು ಟ್ರಂಪ್ ಆಡಳಿತ ಆ ಒಪ್ಪಂದದಿಂದ ಹೊರಬಂದಿತು. ನವೆಂಬರ್ 5ರಿಂದ ತೈಲದ ಮೇಲಿನ ನಿರ್ಬಂಧ ಜಾರಿಯಾಯಿತು. ಭಾರತವೂ ಸೇರಿ ಎಂಟು ದೇಶಗಳಿಗೆ 180 ದಿನಗಳ ವಿನಾಯಿತಿ ಸಿಕ್ಕಿತು. ಕಾರ್ಟಜ್ ಬಲ್ಲ ಕರಾವಳಿಯವರಿಗೆ ಈ ವಿನಾಯಿತಿ ಪತ್ರವನ್ನು ವಿವರಿಸಬೇಕಾಗಿಲ್ಲ. 2019ರ ಮೇ 2ಕ್ಕೆ ಅದು ಮುಗಿಯಿತು, ನವೀಕರಣವಾಗಲಿಲ್ಲ, ಖರೀದಿ ನಿಂತಿತು. ಇರಾನ್ ಭಾರತದ ಖರೀದಿದಾರರಿಗೆ 60 ದಿನಗಳ ಸಾಲ ಕೊಡುತ್ತಿತ್ತು, ಸಾಗಣೆಯ ಖರ್ಚಿನಲ್ಲಿ ರಿಯಾಯಿತಿ ಕೊಡುತ್ತಿತ್ತು, ದೂರವೂ ಕಡಿಮೆ. ಬದಲಿಗೆ ಇರಾಕ್, ಸೌದಿ, ಯುಎಇಗಳಿಂದ ತೈಲ ಬಂತು, ಪೆಟ್ರೋಲ್ ಬಂಕಿನಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ. 1952ರಲ್ಲಿ ಕುವೈತ್ ಮಾಡಿದ ಕೆಲಸವನ್ನು ಈ ಸಲ ಇನ್ನೊಂದಿಷ್ಟು ದೇಶಗಳು ಮಾಡಿದವು.

ಆದರೂ ಎರಡು ಕಾಲಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. 1953ರಲ್ಲಿ ಹಸ್ತಕ್ಷೇಪದ ಅರ್ಧವನ್ನು ಮುಚ್ಚಿಡಬೇಕಾಗಿತ್ತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮ್ಯಾಡೆಲಿನ್ ಆಲ್‌ಬ್ರೈಟ್ ತಮ್ಮ ದೇಶದ ಪಾತ್ರವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 2000ದಲ್ಲಿ. ಸಿಐಎಯ ದಾಖಲೆಗಳಲ್ಲಿ ಅದು ನೇರ ಮಾತಿನಲ್ಲಿ ಹೊರಬಂದದ್ದು 2013ರಲ್ಲಿ. ಈಗಿನ ನಿರ್ಬಂಧಗಳಿಗೆ ದಿನಾಂಕ, ಆದೇಶದ ಸಂಖ್ಯೆ, ವಿನಾಯಿತಿಯ ನಮೂನೆ ಎಲ್ಲವೂ ಇವೆ. ಗೂಢಚಾರರ ಅಗತ್ಯ ಕಡಿಮೆ. ಹೀಗೆ ಬಹಿರಂಗವಾದುದರಿಂದ ಅದು ಹೆಚ್ಚು ನ್ಯಾಯಸಮ್ಮತವಾಯಿತೇ ಎಂದು ಕೇಳಿದರೆ, ಇಲ್ಲವೆಂದೇ ನನ್ನ ಉತ್ತರ. ಇರಾನಿನ ಆಡಳಿತದ ದಬ್ಬಾಳಿಕೆಯನ್ನು ಒಪ್ಪದವರೂ, ನಾನೂ ಅವರಲ್ಲಿ ಒಬ್ಬ, ಮಂಗಳೂರು ಯಾರಿಂದ ಎಣ್ಣೆ ಕೊಳ್ಳಬೇಕೆಂಬ ತೀರ್ಮಾನ ವಾಷಿಂಗ್ಟನ್ನಿನದಾಗಬೇಕು ಎಂದು ಒಪ್ಪಬೇಕಾಗಿಲ್ಲ.

ಈ ಉಪಕರಣ ಈಗ ಇನ್ನಷ್ಟು ನಯವಾಗಿದೆ. 2022ರ ಡಿಸೆಂಬರ್ 5ರಿಂದ ಜಿ7 ದೇಶಗಳು ಸಮುದ್ರ ಮಾರ್ಗದ ರಷ್ಯಾದ ಕಚ್ಚಾತೈಲಕ್ಕೆ ಬ್ಯಾರೆಲಿಗೆ 60 ಡಾಲರಿನ ಮಿತಿ ಹಾಕಿದವು. ಅದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾದ ಸರಕಿಗೆ ತಮ್ಮ ಹಡಗು ಸೇವೆಯಾಗಲಿ ವಿಮೆಯಾಗಲಿ ಸಿಗದು ಎಂದವು. ಎಣ್ಣೆ ಹರಿಯಲಿ, ಲಾಭ ಹರಿಯದಿರಲಿ ಎಂಬ ಲೆಕ್ಕ. ಅದರಿಂದ ತಪ್ಪಿಸಿಕೊಳ್ಳಲು ಹಳೆಯ ಟ್ಯಾಂಕರುಗಳ ಒಂದು ದೊಡ್ಡ ದಂಡೇ, ಧ್ವಜ ಬದಲಿಸುತ್ತ, ಯಾರು ಕೊಟ್ಟದ್ದೆಂದು ತಿಳಿಯದ ವಿಮೆಯ ಕಾಗದ ಹಿಡಿದು, ಹಿಂದೂ ಮಹಾಸಾಗರದಲ್ಲಿ ಓಡಾಡತೊಡಗಿತು. ನಿವೃತ್ತ ಹಡಗು ಅಧಿಕಾರಿಗೆ ದೊಡ್ಡ ದೇಶಗಳ ರಾಜಕೀಯದ ಬಗ್ಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಅಂಥದ್ದೊಂದು ಹಡಗು ಮಲ್ಪೆಯ ಎದುರು ಒಡೆದು ಎಣ್ಣೆ ದಡಕ್ಕೆ ಬಂದರೆ, ಬಲೆ ಹಾಳಾದವರು ಪರಿಹಾರದ ಅರ್ಜಿಯನ್ನು ಯಾವ ಕ್ಲಬ್ಬಿನ ವಿಳಾಸಕ್ಕೆ ಕಳುಹಿಸಬೇಕು ಎಂದಷ್ಟೇ ಅವರು ಕೇಳಿದರು.